ಬೀಗದೊಳಗಿದ್ದ ಕಳ್ಳ

ಮಾನ್ಯ ಸರ್ಕಾರಿ ಅಭಿಯೋಜಕರಿಗೆ,

ಕಳವಾದ ರಾತ್ರಿ ನನ್ನ ಮಗ ರಿಫಾತ್ ಮನೆಯಲ್ಲಿ ಮಲಗಿದ್ದನೆಂದು ಹಿಂದಿನ ಪತ್ರದಲ್ಲಿ ಬರೆದದ್ದು ತಪ್ಪು, ಕ್ಷಮಿಸಿ. ನೆರೆಯವರಿಗೆ ನಾಚಿ ಹೇಳುತ್ತಿದ್ದ ಸುಳ್ಳು ಲೇಖನಿಗೂ ಅಂಟಿತ್ತು. ಸೆರೆಯಿಂದ ಬಿಡುವಾಗ ವಿಧಿಸಿದ ಪರಿವೀಕ್ಷಣೆಯ ಷರತ್ತಿನಂತೆ ಅವನು ಪ್ರತಿ ರಾತ್ರಿ ಮಲಗುವುದು ಪೊಲೀಸ್ ಠಾಣೆಯ ಬೀಗದೊಳಗೆ. ಹಾಗಿದ್ದೂ ಸಂತೆಬೀದಿಯ ಮೋಟಾರು ಸೈಕಲ್ಲನ್ನು ಕದ್ದನೆಂದು ಹೊಸ ಆರೋಪ ಹೊರಿಸಿದ್ದಾರೆ. ಮಗನಿಗೆಂದು ಬೇಯಿಸಿದ ಕಾಳಿನ ಫೂಲ್ ಒಯ್ದಾಗ ಕೇಳಿದರೆ ಕಾವಲಿನ ಪೇದೆ, "ಗೋಡೆ ತೂರ್ಕೊಂಡು ಹೋಗಿರ್ಬೇಕು ಹಜ್ಜಮ್ಮಾ, ಫೂಲ್ ಡಬ್ಬಿ ಇಲ್ ಕೊಡಿ" ಎಂದು ನಕ್ಕ. ಅವನಿಗೆ ನಗು, ನನ್ನ ಮಗನಿಗೆ ಮತ್ತೆ ಸೆರೆಮನೆ.

ಬೀಗ ಹಾಕಿದವನನ್ನೇ ಸಾಕ್ಷಿಗೆ ಕರೆಯಿರಿ.

ನಫೀಸಾ ಅಬ್ದುಲ್ ಬಾರಿ
ನಿವೃತ್ತ ಉಪಾಧ್ಯಾಯಿನಿ

ಹಿಂದಿನ ಪತ್ರಕ್ಕೆ ದಿನಾಂಕವಾರು ತಿದ್ದುಪಡಿ:
ಏಪ್ರಿಲ್ ೪, ಸಂಜೆ: "ಮನೆಗೆ ಬಂದ" ಎಂಬುದನ್ನು "ಠಾಣೆಗೆ ಹೋದ" ಎಂದು ಓದಿಕೊಳ್ಳಿ.
ಏಪ್ರಿಲ್ ೪, ರಾತ್ರಿ: ಕಳವು. ಬೀಗದ ಕೈ ಪೇದೆಯ ಸೊಂಟದಲ್ಲಿತ್ತು.
ಏಪ್ರಿಲ್ ೫, ಬೆಳಗ್ಗೆ: ಠಾಣೆಯಿಂದ ಬಿಟ್ಟರು; ಬಿಟ್ಟ ಬಾಗಿಲಲ್ಲೇ ಹಿಡಿದರು.