ಮೂರು ಹತ್ತು, ಯಾರ ಗಡಿಯಾರದಲ್ಲಿ?

ಜನವರಿ 19, 2025, ಭಾನುವಾರ. ಮಧ್ಯಾಹ್ನ 2:00

ಇಂದು ಬೆಳಿಗ್ಗೆ 8:55ಕ್ಕೆ, ಡೊಂಬಿವಲಿಯ ನಮ್ಮ ಪಾರ್ಕಿನಲ್ಲಿ, ಲೈಸೆನ್ಸ್ ಇರುವ ಲೀಲಾಧರರ ಕೈಯಿಂದ ರೇಡಿಯೋ ಸೆಟ್ ಕಿತ್ತುಕೊಂಡರು. ವೇಳೆ ಬರೆದಿಡುತ್ತಿದ್ದೇನೆ. ನಾಳೆ ಎಲ್ಲರಿಗೂ ಮರೆವು ಬರುತ್ತದೆ. ನನಗೆ ಬರುವುದಿಲ್ಲ.

ಎಂದಿನಂತೆಯೇ ಶುರುವಾಗಿತ್ತು. ಎಂಟಕ್ಕೆ ಗುಲ್‌ಮೊಹರ್ ಕೊಂಬೆಗೆ ಹಗ್ಗ ಎಸೆದು ಆಂಟೆನಾ ತಂತಿ ಏರಿಸಿದವಳು ಅನುಷ್ಕಾ. ಹವ್ಯಾಸಿ ರೇಡಿಯೋದವರ ನಮ್ಮ ಹ್ಯಾಮ್ ಕ್ಲಬ್ಬಿನಲ್ಲಿ ಇಪ್ಪತ್ತರ ಪ್ರಾಯದವಳು ಅವಳೊಬ್ಬಳೇ. ಸೆಕ್ರೆಟರಿ ಜಯಶೀಲ ತನ್ನ ಹೋಟೆಲಿನಿಂದ ಇಡ್ಲಿ ತಂದಿದ್ದ. ಕಲ್ಲುಬೆಂಚಿನ ಮೇಲೆ ಸೆಟ್, ಬ್ಯಾಟರಿ, ಲಾಗ್ ಪುಸ್ತಕ, ಲೀಲಾಧರ. ರೈಲ್ವೆ ಸಿಗ್ನಲ್ ವಿಭಾಗದಿಂದ ನಿವೃತ್ತರು, ಎಪ್ಪತ್ತಮೂರು. ಅವರ ಹೌಸಿಂಗ್ ಸೊಸೈಟಿ ಟೆರೇಸಿನಲ್ಲಿ ಆಂಟೆನಾ ಕೂಡದು ಅನ್ನುತ್ತದೆ — ಕ್ಯಾನ್ಸರ್ ಬರುತ್ತದಂತೆ! ಹಾಗಾಗಿ ವಾರಕ್ಕೊಮ್ಮೆ ಪಾರ್ಕು. ಅವರ ಪಾಲಿಗೆ ಉಳಿದಿರುವ ಆಕಾಶ ಇದೊಂದೇ.

8:40ಕ್ಕೆ ರೇಡಿಯೋದಲ್ಲಿ ಉಡುಪಿಯ ಸಂಕರ್ಷಣ ಸಿಕ್ಕಿದರು. ಲಾಗ್‌ನಲ್ಲಿ 03:10 ಎಂದು ಲೀಲಾಧರ ಬರೆದರು. ಹ್ಯಾಮ್‌ಗಳ ಪದ್ಧತಿ ಅದು. ಲಾಗ್ ಯಾವಾಗಲೂ ಜಾಗತಿಕ ವೇಳೆಯಲ್ಲಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಜಪಾನಿನವನೂ ಹಾಗೇ ಬರೆಯುತ್ತಾನೆ.

ಪಾರ್ಕಿನ ಗುತ್ತಿಗೆದಾರನ ಸೂಪರ್‌ವೈಸರ್ ವಿಕಾಸ್ ಬಂದ. ಹಿಂದೆ ಇಬ್ಬರು ಗಾರ್ಡುಗಳು.

“ಅಂಕಲ್, ಕಿಸ್ಸೆ ಬಾತ್ ಚಲ್ ರಹೀ ಹೈ? ಪಾಕಿಸ್ತಾನ್?”

“ಉಡುಪಿ,” ಎಂದರು ಲೀಲಾಧರ.

“ವೋ ಕಿಧರ್ ಹೈ?”

ಜಯಶೀಲ ನಕ್ಕ. “ಜಿಧರ್ ಸೇ ತೇರಾ ಮಸಾಲಾ ಡೋಸಾ ಆತಾ ಹೈ.”

ನಿನ್ನ ಮಸಾಲೆ ದೋಸೆ ಬರುವ ಊರು ಎಂದು. ನಗಬಾರದಿತ್ತು. ವಿಕಾಸ್ ತಂತಿ ಜಗ್ಗಿ ಎಳೆದ. “ಝಾಡ್ ಕೋ ನುಕ್ಸಾನ್” — ಮರಕ್ಕೆ ಹಾನಿಯಂತೆ. ಅದೇ ಮರಕ್ಕೆ ಮಾಜಿ ನಗರಸೇವಕರ, ಅಂದರೆ ಕಾರ್ಪೊರೇಟರರ, ಹುಟ್ಟುಹಬ್ಬದ ಬ್ಯಾನರ್ — ಹನ್ನೊಂದು ಮೊಳೆ. ಎಣಿಸಿದ್ದೇನೆ. ಸೆಟ್, ಲಾಗ್ ಎರಡೂ ಪೊಲೀಸ್ ಚೌಕಿಗೆ ಹೋದವು.

1991ರಲ್ಲಿ ಈ ಜಾಗ ಕಸದ ಗುಂಡಿ. ಪಾರ್ಕ್ ಬೇಕೆಂದು ಅರ್ಜಿ ಹಿಡಿದು ಮನೆಮನೆ ಹತ್ತಿಳಿದವರು ನಾವು. 2005ರ ಜುಲೈ ಮಳೆಯಲ್ಲಿ ಫೋನುಗಳು ಸತ್ತಾಗ ಇದೇ ಬೆಂಚು, ಮೇಲೆ ತಾಡಪತ್ರಿ, ಸ್ಕೂಟರಿನ ಬ್ಯಾಟರಿ. ದಿವಾ, ಮುಂಬ್ರಾ ಸ್ಟೇಷನ್ನುಗಳಲ್ಲಿ ಸಿಕ್ಕಿಬಿದ್ದವರ ಸುದ್ದಿಯನ್ನು ಲೀಲಾಧರ ಎರಡು ದಿನ ದಾಟಿಸಿದರು. ಬ್ಯಾನರಿನ ಮಹಾಶಯರು ಅಂದು ಸುದ್ದಿ ಕಳಿಸುವವರ ಸಾಲಿನಲ್ಲಿದ್ದರು. ಕಳವಾ ಊರಿನಲ್ಲಿರುವ ತಾಯಿಗೆ ತಿಳಿಸಿ ಎಂದು ಕೈಮುಗಿದಿದ್ದರು. ಈಗ ಮೊಳೆ ಹೊಡೆಸುತ್ತಾರೆ. ಹೇಸಿಗೆ.

ಜನವರಿ 20, ಸಂಜೆ

ಚೌಕಿ. ಲೈಸೆನ್ಸ್ ತೋರಿಸಿದೆವು. ಹವಾಲ್ದಾರರು ಸಭ್ಯರೇ, ಚಹಾ ತರಿಸಿದರು. ಆಮೇಲೆ ಲಾಗ್ ತೆರೆದರು.

“ಆಜೋಬಾ, ತೀನ್ ವಾಜೂನ್ ದಹಾ ಮಿನಿಟೇ? ಗೇಟ್ ತರ್ ಸಹಾಲಾ ಉಘಡತೋ!”

ಆರಕ್ಕೆ ಗೇಟು ತೆರೆಯುವ ಪಾರ್ಕಿನಲ್ಲಿ ಬೆಳಗಿನ ಜಾವ ಮೂರಕ್ಕೆ ಏನು ಕೆಲಸ ಎಂದು. ಲೀಲಾಧರ ಗ್ರೀನ್‌ವಿಚ್‌ನಿಂದ ಶುರು ಮಾಡಿದರು.

“ಲಂಡನ್‌ಚಾ ಟೈಮ್? ಮಗ್ ಡೋಂಬಿವಲೀತ್ ಕಶಾಲಾ ರಾಹತಾ?”

ಎಲ್ಲರೂ ನಕ್ಕರು. ಲಂಡನ್ ಟೈಮಿನವರು ಡೊಂಬಿವಲಿಯಲ್ಲಿ ಯಾಕಿರಬೇಕು — ನಗುವ ಮಾತೇ. ಯಾವ ವೇಳೆಯೆಂದು ಅಂಕಣದ ತಲೆಗೆ ಲೀಲಾಧರ ಬರೆದಿಲ್ಲ. ನಲವತ್ತು ವರ್ಷದಿಂದ ಬರೆದಿಲ್ಲ. ಓದುವವರೆಲ್ಲ ಹ್ಯಾಮ್‌ಗಳೇ ಆಗಿದ್ದರು. ಆದರೆ ವಿಕಾಸ್ ಚೌಕಿಗೆ ಕೊಟ್ಟ ದೂರಿನಲ್ಲೇ “ಬೆಳಿಗ್ಗೆ 8:55” ಎಂದಿದೆ. ಲಾಗ್‌ನ ಕೊನೆಯ ಸಾಲು 03:20, ಅಂದರೆ 8:50. ಎರಡೂ ಒಂದೇ ಫೈಲಿನಲ್ಲಿ. ಅಕ್ಕಪಕ್ಕ ಇಟ್ಟು ನೋಡಲು ಒಬ್ಬರಿಗೂ ಪುರುಸೊತ್ತಿಲ್ಲ.

ಜನವರಿ 23

ಜಯಶೀಲ ಬಂದಿದ್ದ. ಒಳಗೆ ಬರಲಿಲ್ಲ. “ಸತ್ಯಭಾಮಕ್ಕ, ಒಂದು ಸಹಿ. ಲೀಲಾಧರಣ್ಣನ ಸೆಟ್ಟು ಬಿಡಿಸ್ಲಿಕ್ಕೆ. ಬರೀ ಫಾರ್ಮಾಲಿಟಿ. ಕೆಳಗೆ ರಿಕ್ಷಾ ನಿಂತಿದೆ ಮಾರಾಯ್ರೆ!”

ಮರಾಠಿಯಲ್ಲಿ ಟೈಪ್ ಮಾಡಿದ ಒಂದು ಪುಟ. ಕನ್ನಡಕ ಒಳಗಿತ್ತು. ಹಾಗೇ ಸಹಿ ಹಾಕಿದೆ.

ಫೆಬ್ರವರಿ 2, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಸೆಟ್ ಮರಳಿತ್ತು, ನೆಮ್ಮದಿಯಾಗಿದ್ದೆ. ಮೂರ್ಖಳು.

ಪಾರ್ಕಿನ ಗೇಟಿಗೆ ಹೊಸ ಬೋರ್ಡು. ‘ರಾತ್ರಿ ವೇಳೆ ಅತಿಕ್ರಮ ಪ್ರವೇಶ ಮಾಡಿ ರೇಡಿಯೋ ಪ್ರಸಾರ ನಡೆಸಿದವರು ಲಿಖಿತವಾಗಿ ತಪ್ಪೊಪ್ಪಿಕೊಂಡಿದ್ದಾರೆ. ಇನ್ನು ಮುಂದೆ ರೇಡಿಯೋ ನಿಷೇಧ.’ ಕೆಳಗೆ ಉದ್ಯಾನ ಸಮಿತಿ. ಮೇಲೆ ಮಾಜಿ ನಗರಸೇವಕರ ಫೋಟೋ.

ನೇರ ಹೋಟೆಲಿಗೆ ಹೋದೆ. ಜಯಶೀಲ ಗಲ್ಲಾದಲ್ಲಿದ್ದ.

“ಸೆಟ್ಟು ಬಂತಲ್ಲ ಅಕ್ಕ! ನಿಮಗೆ ಸೆಟ್ಟು ಬೇಕಾ, ಸತ್ಯ ಬೇಕಾ?”

“ಆ ಕಾಗದದಲ್ಲಿ ಅವರನ್ನು ಕಳ್ಳ ಮಾಡಿ ಸೆಟ್ಟು ಬಿಡಿಸಿದೆಯಲ್ಲೋ.”

“ಮೆಲ್ಲ, ಮೆಲ್ಲ... ಗಿರಾಕಿಗಳಿದ್ದಾರೆ.”

ಫುಟ್‌ಪಾತಿನ ಮೇಲೆ ಅವನ ಹೋಟೆಲಿನ ಹೊಸ ತಗಡಿನ ಚಾವಣಿ. ಡಿಸೆಂಬರಿನಲ್ಲಿ ಪಾಲಿಕೆಯವರು ಕಿತ್ತು ಹಾಕಿದ್ದರು. ಈಗ ಮತ್ತೆ ನಿಂತಿದೆ. ಯಾರ ದಯೆ ಎಂದು ಕೇಳಲಿಲ್ಲ.

“ನೀವೂ ಸಹಿ ಹಾಕಿದ್ದೀರಿ, ಅಲ್ಲವಾ?” ಎಂದ.

ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಅನುಷ್ಕಾ ಸಿಕ್ಕಿದಳು. ಅವಳ ಸಹಿಯೂ ಇದೆಯೇ ಎಂದೆ.

“ನಹೀ ಆಂಟಿ. ಪಢಾ ಥಾ, ಇಸ್‌ಲಿಯೇ ನಹೀ ಕಿಯಾ.” ಓದಿದ್ದಳಂತೆ, ಅದಕ್ಕೇ ಹಾಕಲಿಲ್ಲವಂತೆ.

“ಮತ್ತೆ ನನಗೇಕೆ ಹೇಳಲಿಲ್ಲ?”

“ಆಪ್ ತೋ ಲೈಬ್ರರಿಯನ್ ಥೀ ನಾ... ಲಗಾ, ಆಪ್‌ನೇ ಪಢ್ ಕೇ ಹೀ ಕಿಯಾ ಹೋಗಾ.”

ಕಲ್ಯಾಣದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪುಸ್ತಕ ಕೊಟ್ಟವಳು ನಾನು. ಓದಿಯೇ ಸಹಿ ಮಾಡಿರುತ್ತೇನೆ ಎಂದು ನಂಬಿದ್ದಾಳೆ.

ಫೆಬ್ರವರಿ 8

ಲೀಲಾಧರರ ಮನೆ. ಬಾಗಿಲು ತೆರೆದವರು ಹೆಂಡತಿ ಉಮಾವತಿ. “ವಾಕಿಂಗೂ ಬಿಟ್ಟಿದ್ದಾರೆ. ಹಾಲಿನವನೂ ಕೇಳ್ತಾನೆ, ರಾತ್ರಿ ಪಾರ್ಕಲ್ಲಿ ಯಾರೊಟ್ಟಿಗೆ ಮಾತಾಡ್ತಿದ್ರಿ ಅಂತ. ಸಂಕರ್ಷಣರ ಫೋನೂ ಎತ್ತುವುದಿಲ್ಲ.”

ಸೆಟ್ ಡಬ್ಬದಲ್ಲೇ ಇತ್ತು. ಲೀಲಾಧರ ಲಾಗ್ ಪುಸ್ತಕ ತಂದು ನನ್ನ ಕೈಗಿಟ್ಟರು. “ನೀವು ಇಟ್ಟುಕೊಳ್ಳಿ. ಲೈಸೆನ್ಸ್ ಇನ್ನು ರಿನ್ಯೂ ಮಾಡುವುದಿಲ್ಲ. ನಲವತ್ತು ವರ್ಷ ಒಂದು ಸುಳ್ಳು ಸಾಲು ಬರೆದವನಲ್ಲ ನಾನು.” ಆಮೇಲೆ ಕೇಳಿದರು — “ನೀವು ಓದಿ ಸಹಿ ಹಾಕಿದ್ದಾ?”

ಹೌದೆಂದರೂ ನಾಚಿಕೆಗೇಡು. ಅಲ್ಲವೆಂದರೂ. ಹೇಳಿದೆ: ಓದಲಿಲ್ಲ.

ಅವರು ತಲೆಯಾಡಿಸಿದರು, ಅಷ್ಟೇ. ಬೈದಿದ್ದರೆ ಸಾಕಿತ್ತು.

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 8:40 — ನಮ್ಮ ಗಡಿಯಾರದಲ್ಲಿ

ಪಾರ್ಕಿನ ಬೆಂಚು. ಪಕ್ಕದಲ್ಲಿ ಅನುಷ್ಕಾ. ನಾನು ಬರೆದದ್ದನ್ನು ಹಿಂದಿಯಲ್ಲಿ ಹೇಳುತ್ತೇನೆ, ಅವಳು ಮರಾಠಿಗೆ ತಿರುಗಿಸುತ್ತಾಳೆ, ಬೋರ್ಡಿನ ಪಕ್ಕ ಅಂಟಿಸುತ್ತೇವೆ. ಮೊಳೆ ತರಲೇ ಎಂದಳು. ಬೇಡ, ಅಂಟು ಸಾಕು ಎಂದೆ. ಕರಡು:

ಸತ್ಯಭಾಮಾ ಎಂಬ ನಾನು ಆ ತಪ್ಪೊಪ್ಪಿಗೆಗೆ ಓದದೆ ಸಹಿ ಹಾಕಿದೆ. ಅದು ನನ್ನ ತಪ್ಪು. ಈ ಮೂಲಕ ಸಹಿ ವಾಪಸ್ ಪಡೆಯುತ್ತಿದ್ದೇನೆ. ಲಾಗ್‌ನ ಪ್ರತಿ ಇಲ್ಲಿದೆ, ಐದೂವರೆ ಗಂಟೆ ಕೂಡಿಸಿ ಓದಿಕೊಳ್ಳಿ. ಈಗ ಉದ್ಯಾನ ಸಮಿತಿ, ಗುತ್ತಿಗೆದಾರ, ಮಾಜಿ ನಗರಸೇವಕರು, ಜಯಶೀಲ — ನಾಲ್ವರೂ ಹೇಳಿ. ಬೆಳಗಿನ ಜಾವ ಮೂರು ಹತ್ತಕ್ಕೆ ಲೀಲಾಧರರನ್ನು ಇಲ್ಲಿ ಕಣ್ಣಾರೆ ಕಂಡವರು ಯಾರು? ಹೆಸರು ಬೇಕು. ಫೋನಿನಲ್ಲಿ ಬೇಡ, ಗಲ್ಲಾದ ಹಿಂದೆ ಬೇಡ. ಇದೇ ಗೇಟಿನಲ್ಲಿ, ಇಷ್ಟೇ ದೊಡ್ಡ ಅಕ್ಷರದಲ್ಲಿ, ಮುಂದಿನ ಭಾನುವಾರದ ಒಳಗೆ ಉತ್ತರ ಕೊಡಿ.