ಅಜ್ಜನ ಬಿಲ್ಲೆ, ನನ್ನ ಧಾರೆ

ಫೆಬ್ರವರಿ ೩೦, ೨೧೬೦
ಮೂರನೇ ಮೆಟ್ಟು, ಎಂಟನೇ ಗಣಿಯೂರು, ಸಂಡೂರು

ಸನ್ಮಾನ್ಯ ದುರುಗಪ್ಪನವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೇ ದಿನ ಇರಲಿಲ್ಲ ಎಂದು ಓದಿದ್ದೇನೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನ ವರ್ಷದ ಕೊನೆಗೆ ರಜೆ. ನನ್ನ ಹೆಸರು ಜಂಬಣ್ಣ. ವಯಸ್ಸು ಹದಿನೆಂಟು. ಆರೋಗ್ಯ ವಿದ್ಯಾಲಯದಲ್ಲಿ ಫಸ್ಟ್ ಇಯರ್. ನನ್ನ ಅಜ್ಜ ಹುಲುಗಪ್ಪನಿಗೆ ನೀವು ಅಜ್ಜನ ಅಜ್ಜ ಆಗಬೇಕು. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಬೆಳೆದದ್ದರಿಂದ ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷ್ ಸೇರಿದೆ, ನಿಮಗೆ ಗೊತ್ತಿರದ ನಮ್ಮ ಕಾಲದ ಮಾತುಗಳೂ ಇವೆ. ಸಾರಿ. ಅಂಥವು ಬಂದಾಗ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಈ ಪತ್ರಕ್ಕೆ ಹಿಂದೋಲೆ ಎನ್ನುತ್ತಾರೆ. ಫಸ್ಟ್ ಇಯರಿನ ಪ್ರತಿಯೊಬ್ಬರೂ ತಮ್ಮ ಮನೆಯ ಮೈಪಟ್ಟಿಯಿಂದ ಒಬ್ಬ ಹಿರಿಯರನ್ನು ಆರಿಸಿಕೊಂಡು ಒಂದು ಹಿಂದೋಲೆ ಬರೆಯಬೇಕು. ಮೈಪಟ್ಟಿ ಅಂದರೆ ಮನೆತನದಲ್ಲಿ ಯಾರಿಗೆ ಯಾವ ಕಾಯಿಲೆ ಬಂತು, ಯಾರು ಯಾವುದರಿಂದ ತೀರಿಕೊಂಡರು ಎಂದು ಬರೆದಿಟ್ಟ ಪುಸ್ತಕ. ಓಲೆ ತಲುಪುವುದಿಲ್ಲ, ವಿದ್ಯಾಲಯದ ಕಪಾಟಿನಲ್ಲೇ ಉಳಿಯುತ್ತದೆ, ಅದು ಬರೆಯುವವರಿಗೂ ಗೊತ್ತು. ರೋಗಿಯನ್ನು ಹೆಸರು ಹಿಡಿದು ಮಾತನಾಡಿಸುವುದು ರೂಢಿಯಾಗಲಿ ಎಂದು ಬರೆಸುತ್ತಾರಂತೆ. ಕ್ಲಾಸಿನಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯ ಹಿರಿಯರನ್ನೋ ಹಾರ್ಟಿನವರನ್ನೋ ಆರಿಸಿಕೊಂಡರು, ಬರೆಯಲು ಸುಲಭ. ನಾನು ನಿಮ್ಮನ್ನು ಆರಿಸಿಕೊಂಡೆ. ನಿಮ್ಮ ಹೆಸರಿನ ಮುಂದೆ ಇರುವುದು ಇಷ್ಟೇ: ಅದಿರು ಲಾರಿ ಡ್ರೈವರ್, ಅರವತ್ತೊಂದನೇ ವಯಸ್ಸಿಗೆ ತೀರಿಕೊಂಡರು, ಸೊಂಟನೋವು. ನಿಮಗೆ ಇದನ್ನು ಹೀಗೆ ಹೇಳಬಾರದಿತ್ತೇನೋ. ಆದರೆ ಬರೀ ಸೊಂಟನೋವಿನಿಂದ ಯಾರೂ ಸಾಯುವುದಿಲ್ಲ.

ನಾವಿರುವ ಊರು ನಿಮಗೆ ಗುರುತು ಸಿಗಬಹುದು. ನೀವು ಅದಿರು ತುಂಬಿಸಿಕೊಂಡು ಹೋಗುತ್ತಿದ್ದ ಗಣಿಗಳಿಗೇ ಚಾವಣಿ ಹೊದಿಸಿ ನಮ್ಮ ಊರುಗಳನ್ನು ಕಟ್ಟಿದ್ದಾರೆ. ಗುಂಡಿಯ ಸುತ್ತ ಕಡಿದ ಅಗಲವಾದ ಹಂತಗಳೇ ನಮ್ಮ ಬೀದಿಗಳು, ಅವಕ್ಕೆ ಮೆಟ್ಟು ಎನ್ನುತ್ತೇವೆ. ಒಂದೊಂದು ಮೆಟ್ಟಿನಲ್ಲೂ ಎಂಬತ್ತು ಮನೆ, ಒಂದು ಅಡುಗೆಮನೆ, ಗಂಡಸರಿಗೊಂದು ಹೆಂಗಸರಿಗೊಂದು ಪಾಯಿಖಾನೆ ಸಾಲು. ಒಗೆದ ಬಟ್ಟೆ ಅದಿರಿನ ಧೂಳಿಗೆ ಇನ್ನೂ ಕೆಂಪಗೇ ಒಣಗುತ್ತದೆ. ಬೆಳಗಾದರೆ ಜೋಳದ ರೊಟ್ಟಿ ಬಡಿಯುವ ಮೆಷಿನ್ ಸದ್ದು, ಮೇಲಿನಿಂದ ಕೆಳಕ್ಕೆ ಓಡಾಡುವ ತೂಗುಗಾಡಿಯ ಗಂಟೆ. ನಮ್ಮಜ್ಜ ಮೂವತ್ತು ವರ್ಷ ಆ ತೂಗುಗಾಡಿ ಓಡಿಸಿದವನು. ಗಂಡಸರ ಸಾಲಿನ ಕೊನೆಯ ಗೂಡಿನಲ್ಲಿ ಧಾರೆಗಣ್ಣು ಇರುತ್ತದೆ. ಉಚ್ಚೆ ಎಷ್ಟು ಜೋರಾಗಿ ಬಂತು, ಎಷ್ಟು ಹೊತ್ತು ಬಂತು, ನಡುವೆ ನಿಂತಿತೇ ಎಂದು ಅದು ಅಳೆಯುತ್ತದೆ. ನಲವತ್ತೈದು ದಾಟಿದ ಗಂಡಸರು ಪ್ರತಿ ಭಾನುವಾರ ಒಮ್ಮೆ ಅಲ್ಲಿ ನಿಲ್ಲಬೇಕು. ಯಾರು ನಿಂತರು ಎಂದು ಗೊತ್ತಾಗುವುದಕ್ಕೆ ಎಲ್ಲರ ಉಡದಾರದಲ್ಲೂ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ಬಿಲ್ಲೆಯನ್ನು ಗೋಡೆಗೆ ಮುಟ್ಟಿಸಿದರೆ ಅಳತೆ ಆ ಹೆಸರಿಗೆ ಸೇರುತ್ತದೆ. ಮೆಟ್ಟಿನ ಬಾಗಿಲಲ್ಲಿರುವ ಹಲಗೆಯ ಮೇಲೆ ಧಾರೆ ಚೆನ್ನಾಗಿರುವವರ ಹೆಸರು ಹಸಿರಿನಲ್ಲಿ, ಸಣ್ಣದಾದವರ ಹೆಸರು ಹಳದಿ ಬಣ್ಣದಲ್ಲಿ ಬರುತ್ತದೆ. ಹಳದಿ ಅಂದರೆ ಆರೋಗ್ಯ ಮನೆಗೆ ಬನ್ನಿ ಎಂದು ಅರ್ಥ. ಹಲಗೆಯ ಕೆಳಗೇ ಚಹಾದಂಗಡಿ ಇದೆ. ಅಂಗಡಿಯನ್ನು ಅಲ್ಲಿ ಇಟ್ಟವರು ಯೋಚಿಸಿ ಇಡಲಿಲ್ಲ ಅನಿಸುತ್ತದೆ.

ಆ ಅಂಗಡಿಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಸ್ಯ ಮಾಡುತ್ತಿದ್ದವನು ನಮ್ಮಜ್ಜನೇ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಈರಣ್ಣನ ಹೆಸರು ಹಳದಿಯಾದಾಗ, "ಏನಲೇ ಈರಣ್ಣ, ನಿನ್ನ ನಲ್ಲಿ ವಾಷರ್ ಹೋತಂತಲ್ಲ, ಪ್ಲಂಬರ್‌ನ ಕರಸ್ಲೇನು?" ಎಂದು ಎಲ್ಲರೆದುರು ಕೂಗಿದ್ದ. ಈರಣ್ಣ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದ. ಅದಾಗಿ ಆರು ತಿಂಗಳಿಗೆ ಅಜ್ಜನಿಗೂ ಅದೇ ಶುರುವಾಯಿತು. ನಿಂತರೆ ತಕ್ಷಣ ಬರುವುದಿಲ್ಲ. ಬಂದರೂ ಎಳೆಯಂತೆ. ಮುಗಿಯಿತೆಂದು ಬಂದವನು ಹತ್ತು ನಿಮಿಷಕ್ಕೆ ಮತ್ತೆ ಹೋಗುತ್ತಿದ್ದ. ನಿದ್ದೆಯಿಂದ ನಾಲ್ಕು ಸಲ ಏಳುತ್ತಿದ್ದ. ಅದಕ್ಕೆ ಅವನು ಕಂಡುಕೊಂಡ ಉಪಾಯ ನೀರು ಕುಡಿಯುವುದನ್ನು ಬಿಡುವುದು. ಹಾಸ್ಟೆಲಿನಿಂದ ಭಾನುವಾರ ಮನೆಗೆ ಬರುತ್ತಿದ್ದ ನಾನು ಇದೆಲ್ಲ ನೋಡಿದ್ದೆ. ಹದಿನೇಳನೇ ವಯಸ್ಸಿಗೆ ನೋಡಿದ್ದೆಲ್ಲ ತಲೆಗೆ ಹೋಗುವುದಿಲ್ಲ. ಒಂದು ಭಾನುವಾರ ಅಜ್ಜ ಉಡದಾರದಿಂದ ಬಿಲ್ಲೆ ಬಿಚ್ಚಿ ನನ್ನ ಅಂಗೈಗೆ ಇಟ್ಟ. "ಲೇ ಜಂಬ್ಯಾ, ಇದನ್ನ ತಗಂಡು ನೀನೇ ಹೋಗಿ ಬಾರಲೇ. ನನಗ ಈಗ ಬರವಲ್ದು" ಎಂದ. ಅದು ತಪ್ಪಲ್ಲವೇನಜ್ಜ ಎಂದು ಕೇಳಿದೆ. "ತಪ್ಪೇನು ಬಂತು? ನಿನ್ನ ಮೈಯಾಗ ಹರಿಯೋದು ನನ್ನ ರಕ್ತ ತಾನೆ?" ಎಂದ. ನಾನು ಹೋಗಿ ಬಿಲ್ಲೆ ಮುಟ್ಟಿಸಿ ಹೊಯ್ದು ಬಂದೆ. ಬಂದಾಗ ಅಜ್ಜಿ ಗಾಳೆವ್ವ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿಕೊಟ್ಟಳು. ಆಮೇಲೆ ಪ್ರತಿ ಭಾನುವಾರ ಹೀಗೆ. ಒಟ್ಟು ಐವತ್ತೆಂಟು ಭಾನುವಾರ.

ಅಜ್ಜನ ಹೆಸರು ಮೆಟ್ಟಿನಲ್ಲೇ ಮೊದಲನೆಯದಾಗಿ ಹಸಿರಿನಲ್ಲಿ ಬರತೊಡಗಿತು. ಈರಣ್ಣ ಚಹಾದಂಗಡಿಯಲ್ಲಿ, "ಅರವತ್ತೆಂಟಕ್ಕ ಹದಿನೇಳರ ಹುಡುಗನಂಗ ಹೊಯ್ತೀಯಂತಲ್ಲೋ ಹುಲುಗ್ಯಾ, ಏನ್ ತಿಂತೀಯಪಾ?" ಎಂದರೆ, ಅಜ್ಜ, "ನಿನ್ನ ಹೇಣ್ತಿ ಮಾಡಿದ್ ರೊಟ್ಟಿ" ಎಂದು ಉತ್ತರ ಕೊಟ್ಟು ಎಲ್ಲರನ್ನೂ ನಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಹೋದ ವರ್ಷ ಜುಲೈನಲ್ಲಿ ವಿದ್ಯಾಲಯ ಸೇರಿದೆ. ಆಗಸ್ಟಿನಲ್ಲಿ ಪ್ರಾಸ್ಟೇಟ್ ಪಾಠ ಬಂತು. ಉಚ್ಚೆಚೀಲದ ಬುಡದಲ್ಲಿ, ಉಚ್ಚೆಯ ನಾಳವನ್ನು ಸುತ್ತಿಕೊಂಡು, ಅಕ್ರೋಟು ಗಾತ್ರದ ಒಂದು ಗ್ರಂಥಿ. ಗಂಡಸರಿಗೆ ಮಾತ್ರ ಇರುವುದು. ವಯಸ್ಸಾದಂತೆ ಅದು ಬಹಳ ಜನರಲ್ಲಿ ದಪ್ಪವಾಗುತ್ತದೆ, ನಾಳವನ್ನು ಒತ್ತುತ್ತದೆ. ಅದು ಕ್ಯಾನ್ಸರ್ ಅಲ್ಲ, ಮಾತ್ರೆಯಲ್ಲೇ ಎಷ್ಟೋ ಜನರಿಗೆ ಹಿಡಿತಕ್ಕೆ ಬರುತ್ತದೆ. ಬಿಟ್ಟರೆ ಉಚ್ಚೆ ಹಿಂದಕ್ಕೆ ಒತ್ತಿ ಕಿಡ್ನಿ ಕೆಡಬಹುದು. ಕ್ಯಾನ್ಸರ್ ಬೇರೆ, ಅದು ಶುರುವಿನಲ್ಲಿ ಸದ್ದೇ ಮಾಡದೆ ಇರಬಹುದು. ಧಾರೆ ಚೆನ್ನಾಗಿದ್ದವನಿಗೂ ಇರಬಹುದು. ಅಪ್ಪನಿಗೋ ಅಣ್ಣನಿಗೋ ಇದ್ದರೆ ಇವನಿಗೂ ಬರುವ ಸಂಭವ ಹೆಚ್ಚು. ನಮ್ಮ ವಯಸ್ಸಿನವರಿಗೂ ಆ ಗ್ರಂಥಿಗೆ ಸೋಂಕು ತಗುಲಿ ಜ್ವರ, ಉರಿ, ಕೆಳಹೊಟ್ಟೆ ನೋವು ಬರುವುದುಂಟು ಎಂದಾಗ ಹಿಂದಿನ ಬೆಂಚಿನವರು ನಗುವುದನ್ನು ನಿಲ್ಲಿಸಿದರು. ನಾನು ನೋಟ್ಸ್ ನೀಟಾಗಿ ಬರೆದುಕೊಂಡೆ, ಕೆಂಪು ಪೆನ್ನಿನಲ್ಲಿ ಅಂಡರ್‌ಲೈನ್ ಮಾಡಿದೆ. ಮುಂದಿನ ಭಾನುವಾರ ಮನೆಗೆ ಹೋಗಿ ಅಜ್ಜನ ಬಿಲ್ಲೆ ಇಸಿದುಕೊಂಡೆ. ಅಷ್ಟೆಲ್ಲ ಓದಿಯೂ ಹೇಗೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನೋಟ್ಸು ಪರೀಕ್ಷೆಗೆ ಎಂದು ಇತ್ತು, ಅಜ್ಜ ಮನೆಯಲ್ಲಿದ್ದ.

ಹೋದ ಮಂಗಳವಾರ ಅಜ್ಜನಿಗೆ ನೆಗಡಿಯಾಯಿತು. ಅಜ್ಜಿ ಡಬ್ಬಿಯಲ್ಲಿದ್ದ ನೆಗಡಿ ಮಾತ್ರೆ ಎರಡು ಕೊಟ್ಟಳು. ಕೆಲವು ನೆಗಡಿ ಮಾತ್ರೆಗಳು ಮೊದಲೇ ಬಿಗಿದ ದಾರಿಯನ್ನು ಪೂರ್ತಿ ಮುಚ್ಚಿಬಿಡುತ್ತವೆ. ಅದೂ ನನ್ನ ನೋಟ್ಸಿನಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಅಜ್ಜನಿಗೆ ಒಂದು ಹನಿಯೂ ಬರಲಿಲ್ಲ, ಕೆಳಹೊಟ್ಟೆ ಬಿಂದಿಗೆಯಂತೆ ಗಟ್ಟಿಯಾಯಿತು. ಅವನೇ ಓಡಿಸುತ್ತಿದ್ದ ತೂಗುಗಾಡಿಯಲ್ಲಿ ಅವನನ್ನು ಮಲಗಿಸಿ ಕೆಳಗಿನ ಆರೋಗ್ಯ ಮನೆಗೆ ಒಯ್ದರಂತೆ. ನಾನು ಹಾಸ್ಟೆಲಿನಿಂದ ಓಡಿ ಬರುವಷ್ಟರಲ್ಲಿ ನಳಿಕೆ ಹಾಕಿ ಒಂದು ಲೀಟರಿಗೂ ಹೆಚ್ಚು ತೆಗೆದಿದ್ದರು. ಡಾಕ್ಟರ್ ಸಬಿಹಾ ಅಜ್ಜನ ಚಾರ್ಟ್ ನೋಡುತ್ತ ನಿಂತಿದ್ದರು. "ಮೊನ್ನೆ ಭಾನುವಾರದವರೆಗೂ ಇಷ್ಟು ಚೆನ್ನಾಗಿದೆ. ಹಾಗಿದ್ರೆ ಇದು ಮಾತ್ರೆಯಿಂದಲೇ ಆದದ್ದು. ಶುಕ್ರವಾರ ನಳಿಕೆ ತೆಗೆದು ಮನೆಗೆ ಕಳಿಸೋಣ. ಮೊದಲಿಂದ ಏನಾದ್ರೂ ತೊಂದರೆ ಇತ್ತಾ, ಹುಲುಗಪ್ಪನವರೇ?" ಎಂದು ಕೇಳಿದರು. ಅಜ್ಜ ನನ್ನ ಮುಖವನ್ನೇ ನೋಡುತ್ತ, "ಇಲ್ರೀ ಡಾಕ್ಟರವ್ರೇ, ನಂದು ಹುಡುಗರ ಧಾರಿ. ಚಾರ್ಟಿನಾಗ ಐತಲ್ರೀ" ಎಂದ. ಡಾಕ್ಟರ್ ನನ್ನ ಕಡೆ ತಿರುಗಿದರು. ನನ್ನ ಎದೆಯ ಮೇಲೆ ವಿದ್ಯಾಲಯದ ಬ್ಯಾಡ್ಜ್ ಇತ್ತು. ನಾನು ಬಗ್ಗಿ ಅಜ್ಜನ ಹೊದಿಕೆ ಸರಿಮಾಡಿದೆ.

ಅಳತೆಯನ್ನು ಸುಳ್ಳು ಮಾಡಿದವನನ್ನು ವಿದ್ಯಾಲಯದಿಂದ ತೆಗೆಯುತ್ತಾರೆ. ಅದು ಮೊದಲ ದಿನವೇ ನಾವು ಓದಿ ಸಹಿ ಹಾಕುವ ನಿಯಮ. ಬುಧವಾರ ಇಡೀ ದಿನ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಚೀಲಕ್ಕೆ ಹನಿ ಬೀಳುವುದನ್ನು ನೋಡುತ್ತಿದ್ದೆ. ನರ್ಸ್ ಕೊಟ್ಟ ಇಡ್ಲಿ ತಿಂದೆ, ಅದಕ್ಕೆ ರುಚಿ ಇರಲಿಲ್ಲ. ಶುಕ್ರವಾರ ಅಜ್ಜನನ್ನು ಮನೆಗೆ ಕಳಿಸುತ್ತಾರೆ, ಭಾನುವಾರ ಅವನು ಬಿಲ್ಲೆ ಬಿಚ್ಚಿ ಕೊಡುತ್ತಾನೆ, ನಾನು ಇಸಿದುಕೊಳ್ಳುತ್ತೇನೆ, ಕಿಡ್ನಿ ಕೆಡುತ್ತಲೇ ಹೋಗುತ್ತದೆ, ಹಲಗೆಯ ಮೇಲೆ ಹೆಸರು ಹಸಿರಾಗಿರುತ್ತದೆ. ಇಷ್ಟನ್ನು ಲೆಕ್ಕದ ಹಂತಗಳಂತೆ ಒಂದಾದ ಮೇಲೊಂದು ಯೋಚಿಸಿದೆ. ಗುರುವಾರ ಬೆಳಿಗ್ಗೆ ಡಾಕ್ಟರ ಕೋಣೆಗೆ ಹೋಗಿ, ಆ ಚಾರ್ಟ್ ಅಜ್ಜನದಲ್ಲ, ನನ್ನದು ಎಂದೆ. ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಎಷ್ಟು ವಾರ?" ಎಂದು ಮಾತ್ರ ಕೇಳಿದರು. ಹೇಳಿದೆ. ಬೈಯಲಿಲ್ಲ. ಚಾರ್ಟಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡು, ಸ್ಕ್ಯಾನಿಗೆ ಬರೆದರು.

ಅಜ್ಜನ ಗ್ರಂಥಿ ನಾಲ್ಕು ಪಟ್ಟಾಗಿದೆ. ಎರಡೂ ಕಿಡ್ನಿ ಊದಿವೆ. ಒಂದು ಪೂರ್ತಿ ಸುಧಾರಿಸಬಹುದು, ಇನ್ನೊಂದರ ಬಗ್ಗೆ ಡಾಕ್ಟರ್ ಏನೂ ಹೇಳುತ್ತಿಲ್ಲ. ನಳಿಕೆ ಉಳಿಯುತ್ತದೆ, ಮುಂದೆ ಆಪರೇಷನ್. ಪಿಎಸ್ಎ, ಅಂದರೆ ಆ ಗ್ರಂಥಿಯಿಂದ ರಕ್ತಕ್ಕೆ ಸೇರುವ ಅಂಶದ ಅಂಕಿ, ಹೆಚ್ಚು ಬಂದಿದೆ. ಅದು ಹೆಚ್ಚಿದ್ದರೆ ಕ್ಯಾನ್ಸರ್ ಎಂದೇ ಅಲ್ಲ. ಉಚ್ಚೆ ಕಟ್ಟಿದರೂ ನಳಿಕೆ ಹಾಕಿದರೂ ಏರುತ್ತದೆ, ಆರು ವಾರ ಬಿಟ್ಟು ಮತ್ತೆ ನೋಡಬೇಕು. ಆರು ವಾರ ಕಾಯುವುದೋ ಈಗಲೇ ಮುಂದಿನ ಪರೀಕ್ಷೆ ಮಾಡುವುದೋ ಎಂದು ತೀರ್ಮಾನಿಸುವ ಮೊದಲು ಡಾಕ್ಟರ್ ಒಂದು ಪ್ರಶ್ನೆ ಕೇಳಿದರು. ನಿಮ್ಮ ಮನೆಯ ಗಂಡಸರಲ್ಲಿ ಯಾರಿಗಾದರೂ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತೇ? ನಾನು ಮೈಪಟ್ಟಿ ತೆಗೆದೆ. ನಿಮ್ಮ ಹೆಸರಿನ ಮುಂದೆ ಸೊಂಟನೋವು. ನಿಮ್ಮ ಮಗ ತಿಮ್ಮಪ್ಪನವರ ಮುಂದೆಯೂ ಸೊಂಟನೋವು. ಅವರ ಮಗನ ಮುಂದೆ, ಆಮೇಲೆ ನಮ್ಮಜ್ಜನ ಅಪ್ಪನ ಮುಂದೆ ಏನೂ ಇಲ್ಲ. ಆ ಕ್ಯಾನ್ಸರ್ ಹರಡಿದರೆ ಬೆನ್ನು, ಸೊಂಟದ ಮೂಳೆಗೆ ಹೋಗುತ್ತದೆ. ಸೊಂಟನೋವಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಅದಲ್ಲ, ಅದೂ ನಿಜ. ಡಾಕ್ಟರ್ ಪುಟವನ್ನು ಎರಡು ಸಲ ಓದಿ, "ಇದರಿಂದ ನಾನು ಏನು ತಿಳ್ಕೊಳ್ಲಿ, ಜಂಬಣ್ಣ?" ಎಂದರು. ಅವರು ಕಾಯೋಣ ಎಂದು ಬರೆದುಕೊಂಡರು.

ಅಜ್ಜನಿಗೆ ನಾನೇ ಹೋಗಿ ಹೇಳಿದೆ. "ಹಲಗಿ ಮ್ಯಾಲ ಹಳದಿ ಬಂತೇನಲೇ?" ಎಂದು ಕೇಳಿದ. ಬಂತಜ್ಜ ಎಂದೆ. ಗೋಡೆಯ ಕಡೆ ಹೊರಳಿ ಮಲಗಿದ. ಸಂಜೆ ಈರಣ್ಣ ನೋಡಲು ಬಂದ. ಅಜ್ಜ ಹೊರಳಲಿಲ್ಲ. ಈರಣ್ಣ ಅವನ ಬೆನ್ನಿಗೇ ಮಾತಾಡಿದ. "ನಂದು ಆಪರೇಷನ್ ಆಗಿ ವರ್ಷದ ಮ್ಯಾಲಾತು ಹುಲುಗ್ಯಾ, ಈಗ ಆರಾಮ ಅದೀನಿ. ಮೊದ್ಲೇ ಹೇಳಾಕ ಏನಾಗಿತ್ತು ನಿನಗ? ನಾನು ನಗ್ತಿದ್ದೆ. ಅಷ್ಟೇ ಅಲ್ಲೇನು?" ಅಜ್ಜ ಗೋಡೆಯ ಕಡೆ ನೋಡುತ್ತಲೇ, "ಆಪರೇಷನ್ ನೋಯ್ತದೇನಲೇ?" ಎಂದ. ಹಲಗೆಯ ಮಾತಾದ ಮೇಲೆ ಅಜ್ಜ ನನ್ನ ಜೊತೆ ಇನ್ನೂ ಮಾತಾಡಿಲ್ಲ. ನನ್ನ ವಿಚಾರಣೆ ಸೋಮವಾರ ಇದೆ. ತೆಗೆಯಬಹುದು, ಇಟ್ಟುಕೊಳ್ಳಬಹುದು. ಟೆನ್ಶನ್ ಆಗಬೇಕಿತ್ತು. ನಾಳೆ ಆಗುತ್ತದೇನೋ.

ದುರುಗಪ್ಪನವರೇ, ಈ ಓಲೆ ತಲುಪುವುದಿಲ್ಲ ಎಂದು ಮೇಲೆ ಬರೆದಿದ್ದೇನೆ, ಆದರೂ ಕೇಳುತ್ತೇನೆ. ನಿಮ್ಮಲ್ಲಿ ಈಗ ೨೦೨೬ ಎಂದು ಇಟ್ಟುಕೊಂಡು ಬರೆಯುತ್ತಿದ್ದೇನೆ, ನಿಮಗೆ ಐವತ್ತೆರಡು. ಲಾರಿ ನಿಲ್ಲಿಸಿ ರಸ್ತೆ ಬದಿಯಲ್ಲಿ ನೀವು ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ನನಗೆ ಗೊತ್ತಿಲ್ಲ. ಕ್ಲೀನರ್ ಹಾರ್ನ್ ಹೊಡೆದು ಹಾಸ್ಯ ಮಾಡುತ್ತಾನೋ ಏನೋ. ನಿಮಗೆ ಏನೂ ಇಲ್ಲದೆಯೂ ಇರಬಹುದು. ಒಂದು ದಿನ ರಜೆ ಹಾಕಿ ಆಸ್ಪತ್ರೆಗೆ ಹೋಗಿ. ಚೀಟಿ ಬರೆಸುವಾಗ ಸೊಂಟನೋವು ಎಂದಷ್ಟೇ ಬರೆಸಬೇಡಿ. ಉಚ್ಚೆಯದೂ ಹೇಳಿ. ಪ್ರಾಸ್ಟೇಟ್ ಪರೀಕ್ಷೆ ನನಗೆ ಬೇಕೇ ಎಂದು ಡಾಕ್ಟರನ್ನು ನೀವಾಗಿಯೇ ಕೇಳಿ, ಅವರು ಕೇಳಲಿ ಎಂದು ಕಾಯಬೇಡಿ. ಮನೆಗೆ ಬಂದು ತಿಮ್ಮಪ್ಪನವರನ್ನು ಎದುರಿಗೆ ಕೂರಿಸಿಕೊಂಡು, ಡಾಕ್ಟರ್ ಹೇಳಿದ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಹೇಳಿ. ಇಲ್ಲ ಎಂದಿದ್ದರೆ ಇಲ್ಲ ಎಂದೇ ಹೇಳಿ. ಅವರಿಗೆ ಇಪ್ಪತ್ತಮೂರು, ನಾಚಿಕೆಯಾಗುತ್ತದೆ, ಎದ್ದು ಹೋಗಲು ನೋಡುತ್ತಾರೆ. ಕೈ ಹಿಡಿದು ಕೂರಿಸಿಕೊಂಡು ಇನ್ನೊಂದು ಸಲ ಹೇಳಿ.

ನಿಮ್ಮವನು,
ಜಂಬಣ್ಣ