ಏಳನೇ ನಂಬರಿನವಳು

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ಕತ್ತುನೋವು ಕಡಿಮೆಯಾಯಿತೇ? ದಿನವಿಡೀ ಟಿಕೆಟ್ ಕೌಂಟರಿನ ಕಿಂಡಿಗೆ ಬಾಗಿ ಕೂತರೆ ಕತ್ತು ಇನ್ನೇನಾಗಬೇಕು ಎಂದು ಅಮ್ಮ ದಿನಕ್ಕೆರಡು ಸಲ ನನ್ನನ್ನೇ ಕೇಳುತ್ತಾಳೆ, ಆ ಕಿಂಡಿ ಕೊರೆಸಿದವಳು ನಾನೇ ಎಂಬಂತೆ. ಅಮ್ಮ ಗಟ್ಟಿಯಾಗಿದ್ದಾಳೆ. ಕಿವಿ ಮಾತ್ರ ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ನನ್ನ ಮಂಡಿಯ ಸುದ್ದಿ ಬೇಡ, ಅದು ಹಾಗೇ ಇದೆ.

ಹೋದ ಸೋಮವಾರ ನಡೆದದ್ದನ್ನು ನಿನಗೆ ಹೇಳಬೇಕು. ನಮ್ಮ ಕನ್ನಡಕದ ಕಾರ್ಖಾನೆಯ ಮೇಲ್ವಿಚಾರಕರಿಗೆಲ್ಲ ಮಹಡಿಯ ಮೇಲೆ ಒಂದು ದಿನದ ತರಬೇತಿ ಇಟ್ಟಿದ್ದರು. ನಮಗೇ ಗೊತ್ತಿಲ್ಲದೆ ನಮ್ಮ ಮನಸ್ಸಿನಲ್ಲಿ ಕೂತಿರುವ ಪಕ್ಷಪಾತದ ಬಗ್ಗೆ ಅಂತೆ. ಹೇಳಿಕೊಡಲು ಬಂದ ಮೇಷ್ಟ್ರು ಸಣಕಲು ಮನುಷ್ಯ. ಅವರ ಕನ್ನಡಕದ ಬಲಗಡೆಯ ಕಡ್ಡಿ ಸಡಿಲವಾಗಿ ಮೂಗಿನಿಂದ ಜಾರುತ್ತಲೇ ಇತ್ತು. ಕಿತ್ತುಕೊಂಡು ಸ್ಕ್ರೂ ಬಿಗಿ ಮಾಡಿಬಿಡೋಣ ಎಂದು ನನ್ನ ಕೈ ತುರಿಸುತ್ತಿತ್ತು. ಎಲ್ಲರೂ ತಮ್ಮವರ ಕಡೆಗೇ ವಾಲುತ್ತಾರೆ, ತಮ್ಮ ಊರಿನವರು, ತಮ್ಮ ಮಾತಿನವರು, ತಮ್ಮ ಮನೆಯವರು ಎಂದರೆ ಅರಿವಿಲ್ಲದೆಯೇ ಒಂದು ಅಂಕ ಜಾಸ್ತಿ ಬೀಳುತ್ತದೆ ಎಂದರು. ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ. ನೀನು ಮೂರು ವರ್ಷ ನನ್ನ ಕೈಕೆಳಗೆ ಗಾಜು ಉಜ್ಜಿದೆ, ಸ್ವಂತ ತಂಗಿ ಎಂದು ನಿನಗೆ ಒಂದು ಅಂಕವನ್ನಾದರೂ ಜಾಸ್ತಿ ಕೊಟ್ಟೆನೇ? ಊಟಕ್ಕೆ ಮುಂಚೆ ಅಭಿಪ್ರಾಯ ಬರೆಯಲು ಒಂದು ಹಾಳೆ ಕೊಟ್ಟರು. ‘ಈ ತರಬೇತಿ ನನಗೆ ಅಗತ್ಯವಿರಲಿಲ್ಲ, ಬೇರೆಯವರಿಗೆ ಉಪಯೋಗವಾಗಬಹುದು’ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ನನ್ನ ಜಂಬ ನಿನಗೆ ಹೊಸದೇನಲ್ಲ.

ಮಧ್ಯಾಹ್ನ ಮೇಷ್ಟ್ರು ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ ಹಂಚಿದರು. ಕಳೆದ ಐದು ವರ್ಷ ನಾವು ನಮ್ಮ ಕೆಲಸಗಾರರಿಗೆ ಕೊಟ್ಟ ಅಂಕ ಒಂದು ಕಡೆ, ಅವರು ಮಾಡಿದ ಕನ್ನಡಕಗಳಲ್ಲಿ ಸರಿಯಿಲ್ಲವೆಂದು ಗಿರಾಕಿಗಳಿಂದ ವಾಪಸು ಬಂದವೆಷ್ಟು ಎಂಬುದು ಇನ್ನೊಂದು ಕಡೆ. ಹೆಸರಿಲ್ಲ, ಬರೀ ನಂಬರು. ನನ್ನ ಪಟ್ಟಿಯ ಒಂದು ಸಾಲಿನ ಮೇಲೆ ಅವರು ಬೆರಳಿಟ್ಟು ತೋರಿಸಿದರು. ಏಳನೇ ನಂಬರಿನ ಕೆಲಸ ಇದ್ದ ಮೂರು ವರ್ಷವೂ ಎಲ್ಲರಿಗಿಂತ ಕಡಿಮೆ ವಾಪಸು ಬಂದಿದೆ, ಮೂರು ವರ್ಷವೂ ಎಲ್ಲರಿಗಿಂತ ಕಡಿಮೆ ಅಂಕ ಬಿದ್ದಿದೆ. “ಈ ಏಳನೇ ನಂಬರಿನವರ ಮೇಲೆ ನಿಮಗೇನಾದ್ರೂ ಸಿಟ್ಟಿತ್ತಾ ಮೇಡಂ?” ಎಂದು ಮೆತ್ತಗೆ ಕೇಳಿದರು. ಪ್ಯಾಕಿಂಗಿನ ಮುಖ್ಯಸ್ಥರು “ಯಾರೋ ಎದುರು ಮಾತಾಡಿರ್ಬೇಕು, ಮೇಡಂ ಸುಮ್ನೆ ಬಿಡ್ತಾರಾ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ನನಗಾಗದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನಪಿಸಿಕೊಂಡೆ. ಯಾವಾಗಲೂ ಏನಾದರೂ ಅಗಿಯುವವನು, ಯಂತ್ರದ ಸದ್ದಿಗೆ ಹಾಡು ಹೇಳುವವಳು, ನನ್ನ ನಡಿಗೆ ಅಣಕಿಸುವವನು. ಯಾರೂ ಹೊಂದಲಿಲ್ಲ. ಚಹಾದ ಹೊತ್ತಿಗೆ ಕೆಳಗಿಳಿದು ಹಾಜರಿ ಬರೆಯುವ ಗುಮಾಸ್ತೆಯನ್ನು ಕೇಳಿದೆ. ಅವಳು ಕಡತದಿಂದ ತಲೆ ಎತ್ತದೆ “ಏಳು ನಿಮ್ಮ ತಂಗಿ ಅಲ್ವಾ ಮೇಡಂ” ಅಂದಳು.

ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ, ಹತ್ತುವವರು ಇಳಿಯುವವರು ನನ್ನನ್ನು ಸುತ್ತಿಕೊಂಡು ಹೋದರು. ತಂಗಿ ಎಂದು ಮೇಲೆ ಹತ್ತಿಸಿದಳು ಎಂದು ಯಾರೂ ಆಡಿಕೊಳ್ಳಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅದಕ್ಕೆ ಪ್ರತಿ ವರ್ಷವೂ ಪೆನ್ನು ನಿನ್ನ ಹೆಸರಿಗೆ ಬಂದಾಗ ಎರಡು ಅಂಕ ಕೆಳಗಿಳಿಸುತ್ತಿದ್ದೆ. ಅದನ್ನೇ ನ್ಯಾಯ ಅಂದುಕೊಂಡಿದ್ದೆ! ‘ಕೈ ನಿಧಾನ, ನಿಖರತೆ ಇನ್ನೂ ಬರಬೇಕು’ ಎಂದು ಬರೆದವಳು ನಾನೇ. ಅದನ್ನು ಓದಿದ ದಿನ ಮನೆಗೆ ಬಂದು ನೀನು “ಅಕ್ಕಾ, ನನ್ನ ಕೈಲಿ ಏನು ತಪ್ಪಾಗ್ತಿದೆ, ಹೇಳೇ” ಎಂದು ಕೇಳಿದ್ದೆ. ತಪ್ಪೇ ಇಲ್ಲದಿದ್ದರೆ ಏನೆಂದು ಹೇಳಲಿ? “ನಿಂಗೇ ಗೊತ್ತಾಗ್ಬೇಕು” ಅಂದೆ. ನೀನು ಒಡೆದ ಗಾಜಿನ ಚೂರು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಉಜ್ಜಿ ಉಜ್ಜಿ ಹೆಬ್ಬೆರಳು ಕುಯ್ದುಕೊಂಡೆ. ಕೊನೆಗೆ “ಈ ಕೆಲ್ಸ ನಂಗೆ ಒಲೀಲಿಲ್ಲ ಬಿಡು” ಎಂದು ಹೊರಟೇಹೋದೆ. ನಾನು ತಡೆಯಲಿಲ್ಲ. ಛೆ, ನನಗಿಂತ ಶತ್ರು ವಾಸಿ.

ಮೇಲೆ ಹೋಗಿ ಬೆಳಗಿನ ಹಾಳೆ ವಾಪಸು ಕೊಡಿ ಎಂದು ಮೇಷ್ಟ್ರನ್ನು ಕೇಳಿದೆ. ಕೊಟ್ಟ ಹಾಳೆ ಹಿಂದಿರುಗಿಸುವಂತಿಲ್ಲ, ಬೇಕಾದರೆ ಇನ್ನೊಂದು ಬರೆಯಿರಿ ಎಂದರು. ‘ಏಳನೇ ನಂಬರಿನವಳು ನನ್ನ ತಂಗಿ. ಅವಳ ಮೂರು ವರ್ಷದ ಅಂಕ ಸುಳ್ಳು. ಹಾಕಿದವಳು ನಾನು’ ಎಂದು ಬರೆದು ಸಹಿ ಹಾಕಿದೆ. ಹೆಸರು ಹಾಕಬೇಕಾಗಿರಲಿಲ್ಲ, ಇದು ಮೇಲಕ್ಕೆ ಹೋದರೆ ನಿಮ್ಮ ಕುರ್ಚಿಗೇ ಕುತ್ತು ಎಂದು ಮ್ಯಾನೇಜರು ಎರಡು ದಿನ ನನ್ನ ಹಿಂದೆ ಬಿದ್ದರು. ನಾನು ಜಗ್ಗಲಿಲ್ಲ. ನಿನ್ನೆ ಕರೆದು ಹೇಳಿದರು: ನಾಳೆಯಿಂದ ಅಂಕ ಹಾಕುವ ಕೆಲಸ ನನಗಿಲ್ಲ, ಮುಂದಿನದು ಆಮೇಲೆ ನೋಡುತ್ತಾರಂತೆ. ನಿನ್ನ ಮೂರು ವರ್ಷದ ದಾಖಲೆ ತಿದ್ದುತ್ತಾರೆ. ಬರುವ ಮನಸ್ಸಿದ್ದರೆ ಹಳೆಯ ಹಿರಿತನದ ಮೇಲೇ ತೆಗೆದುಕೊಳ್ಳುತ್ತಾರೆ. ಅವರ ಪತ್ರ ಈ ಲಕೋಟೆಯಲ್ಲೇ ಇದೆ. ಬಾ ಎಂದು ಕರೆಯುವ ಮುಖ ನನಗಿಲ್ಲ. ಬರದಿದ್ದರೂ ಆ ಪತ್ರ ಹರಿಯಬೇಡ.

ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ನಿನಗೆ ಅವಳ ಆಶೀರ್ವಾದ. ಕತ್ತಿಗೆ ಬಿಸಿನೀರಿನ ಶಾಖ ಕೊಡಬೇಕಂತೆ. ಎಲ್ಲಿದ್ದರೂ ತಣ್ಣಗಿರು ನನ್ನ ಕಂದಾ.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಇಷ್ಟು ಹೊತ್ತೂ ಬರೆಯಲು ಧೈರ್ಯ ಬರಲಿಲ್ಲ. ಕೊನೆಯ ವರ್ಷ ನಿನ್ನ ಹೆಸರಿಗೆ ವಾಪಸು ಬಂದಿದ್ದು ಒಂದೇ ಒಂದು ಕನ್ನಡಕ. ಅದನ್ನು ಎತ್ತಿ ಹಿಡಿದೇ ಅಲ್ಲವೇ ನಾನು ಎಲ್ಲರೆದುರು ನಿನಗೆ ಬೈದದ್ದು, ನೀನು ಮಾರನೇ ವಾರ ಕೆಲಸ ಬಿಟ್ಟದ್ದು? ಶುಕ್ರವಾರ ಆ ಗಾಜಿನ ಅಳತೆ ಬರೆದು ನಿನಗೆ ಕೊಟ್ಟಿದ್ದ ಚೀಟಿ ಹುಡುಕಿಸಿದೆ. ಪವರ್ ತಪ್ಪು ಬರೆದಿದೆ. ಅಕ್ಷರ ನನ್ನದು. ನೀನು ಚೀಟಿಯಲ್ಲಿ ಇದ್ದದ್ದನ್ನು ಕೂದಲೆಳೆ ತಪ್ಪದೆ ಉಜ್ಜಿಕೊಟ್ಟಿದ್ದೆ.